ಗಾಜಿನ ಮಣಿಯೋ, ಅಲ್ಯೂಮಿನಿಯಂ ಆಕ್ಸೈಡೋ, ಗಾರ್ನೆಟ್ಟೋ? ಕಾಸರಗೋಡಿನ ಮಳೆಗಾಲದ ಲೆಕ್ಕ

ಮೇ ತಿಂಗಳು ಬಂತೆಂದರೆ ಕುಂಬಳೆ, ಬದಿಯಡ್ಕ ಕಡೆಯ ವರ್ಕ್‌ಶಾಪುಗಳಿಗೆ ಅಡಿಕೆ ತೋಟದ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಿಸುವ ಪಂಪುಗಳ ಸರದಿ. ಹಿತ್ತಾಳೆಯ ಹೆಡ್ಡಿನೊಳಗೆ ಮೈಲುತುತ್ತದ ನೀಲಿ, ಅದರ ಮೇಲೆ ಕಲ್ಲಾದ ಸುಣ್ಣ. ಇದನ್ನು ಬಿಡಿಸುವ ದಾರಿ ಬ್ಲಾಸ್ಟಿಂಗ್, ಅಂದರೆ ಗಾಳಿಯ ಒತ್ತಡದಲ್ಲಿ ಸಣ್ಣ ಕಣಗಳನ್ನು ಹೊಡೆಯುವುದು. ಅದಕ್ಕೆ ಗಾಜಿನ ಮಣಿಗೆ ಸಾಟಿಯಿಲ್ಲ.

ಅದೇ ಹೆಡ್ಡಿಗೆ 80 ಮೆಶ್ ಅಲ್ಯೂಮಿನಿಯಂ ಆಕ್ಸೈಡ್ ಹೊಡೆದರೆ ಸುಣ್ಣ ಇನ್ನೂ ಬೇಗ ಹೋಗುತ್ತದೆ, ಜೊತೆಗೆ ವಾಲ್ವ್ ಕೂರುವ ಅಂಚೂ ಹೋಗುತ್ತದೆ. ಆಮೇಲೆ ಎಷ್ಟು ಬಿಗಿದರೂ ಪ್ರೆಶರ್ ನಿಲ್ಲದು. ಆಕ್ಸೈಡಿನ ಕಣ ಚೂಪು, ಗಡಸುತನ ಮೋಸ್ ಅಳತೆಯಲ್ಲಿ 9, ಲೋಹವನ್ನೇ ಕೊರೆಯುತ್ತದೆ. ಗಾಜು 6ರ ಆಸುಪಾಸು, ಆಕಾರ ಗುಂಡು. ಬಡಿದು ಪುಟಿಯುತ್ತದೆ, ಕೊಳೆ ಸಿಡಿಯುತ್ತದೆ, ಅಳತೆ ಉಳಿಯುತ್ತದೆ.

150–212 ಮೈಕ್ರಾನ್ ಮಣಿ, 40–50 ಪಿಎಸ್‌ಐ, ನಾಝಲ್ ಮುಕ್ಕಾಲು ಗೇಣು ದೂರ, ಸ್ವಲ್ಪ ಓರೆ. ನೇರ ಹಿಡಿದರೆ ಹೋಗುವ ಮಣಿ, ಪುಟಿದು ಬರುವ ಮಣಿಗೆ ಡಿಕ್ಕಿ ಹೊಡೆದು ಒಡೆಯುತ್ತದೆ. ಒತ್ತಡವನ್ನು 80ಕ್ಕೆ ಏರಿಸಿದರೆ ಹಿಟ್ಟು.

ಇನ್ನು ಇದರ ಕಿರಿಕಿರಿ: ತೇವ. ಬಟ್ಟೆಯೇ ಒಣಗದ ಜುಲೈಯಲ್ಲಿ ಗನ್ ಮೊದಲು ಕೆಮ್ಮುತ್ತದೆ, ಆಮೇಲೆ ಬರೀ ಗಾಳಿ ಬಿಡುತ್ತದೆ. ಮಣಿ ತುಂಬುವ ಹಾಪರಿಗೆ ಕೈ ಹಾಕಿದರೆ ಮಣಿ ಒದ್ದೆ ಸಕ್ಕರೆಯ ಹಾಗೆ ಗಂಟುಗಂಟು. ಎಲ್ಲರೂ ನಾಝಲ್ ಬಿಚ್ಚಿ ಊದುತ್ತಾರೆ, ತಪ್ಪು ಅಲ್ಲಿಲ್ಲ. ಗನ್ನಿನೊಳಗೆ ಗಾಳಿ ಬಿಡುವ 4 ಮಿಮೀ ಜೆಟ್ 50 ಪಿಎಸ್‌ಐಯಲ್ಲಿ ಸುಮಾರು 25 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಗಾಳಿ ಕುಡಿಯುತ್ತದೆ. ಅಷ್ಟು ಕೊಡಲಾರದ 5 ಎಚ್‌ಪಿ ಕಂಪ್ರೆಸರ್ ನಿಲ್ಲದೆ ಓಡಿ ಟ್ಯಾಂಕ್ ಸುಡುತ್ತದೆ. ಬಿಸಿ ಗಾಳಿಯಲ್ಲಿರುವ ನೀರು ಆವಿಯಾಗಿಯೇ ಫಿಲ್ಟರ್ ದಾಟಿ, ಹೋಸಿನಲ್ಲಿ ತಣಿದು ಹನಿಯಾಗುತ್ತದೆ. ಕಂಪ್ರೆಸರಿಗೆ ಅಂಟಿಸಿ ಕೂರಿಸಿದ ಫಿಲ್ಟರ್ ಬರೀ ಅಲಂಕಾರ.

ಮದ್ದು ಇದೆ, ದುಬಾರಿಯೂ ಅಲ್ಲ. ಗಾಳಿ ತಣಿಯಲು 20 ಅಡಿ ಜಿಐ ಪೈಪ್ ಎಳೆಯಿರಿ, ಹೋಗುವ ದಿಕ್ಕಿಗೆ ಇಳಿಜಾರು ಕೊಡಿ, ತುದಿಯಲ್ಲಿ ಕೆಳಮುಖದ ತುಂಡಿಗೆ ಡ್ರೈನ್ ಕಾಕ್ ಹಾಕಿ. ಕ್ಯಾಬಿನೆಟ್ಟಿಗೆ (ಒಳಗೆ ಬ್ಲಾಸ್ಟಿಂಗ್ ಮಾಡುವ ಪೆಟ್ಟಿಗೆ) ಹೋಗುವ ಕವಲು ಪೈಪಿನ ಮೇಲ್ಭಾಗದಿಂದ ಹೊರಟು ಬಾಗಿ ಇಳಿಯಬೇಕು, ಫಿಲ್ಟರ್ ಕ್ಯಾಬಿನೆಟ್ಟಿನ ಪಕ್ಕದಲ್ಲಿರಬೇಕು. ಜೆಟ್ 3 ಮಿಮೀಗೆ ಇಳಿಸಿ, ನಾಝಲನ್ನೂ ಅದಕ್ಕೆ ಹೊಂದಿಸಿ. ಸುಮಾರು 14 ಸಿಎಫ್‌ಎಂ ಸಾಕು. ಕೆಲಸ ನಿಧಾನ, ಆದರೆ ನಿಲ್ಲುವುದಿಲ್ಲ. ಒದ್ದೆಯಾದ ಮಣಿಯನ್ನು ಹಳೆ ಬಾಣಲೆಯಲ್ಲಿ ಸಣ್ಣ ಉರಿಗೆ ಮಗುಚಿ ಜರಡಿ ಹಿಡಿದರೆ ಮತ್ತೆ ಬಳಸಬಹುದು. (ಆ ಬಾಣಲೆ ಮತ್ತೆ ಅಡುಗೆಮನೆ ಸೇರಬಾರದು, ಅದರಲ್ಲಿ ತಾಮ್ರದ ಪುಡಿ ಇರುತ್ತದೆ.)

ಗಾರ್ನೆಟ್ (ಗಡುಸು ಖನಿಜದ ಚೂಪು ಪುಡಿ): ಪೇಂಟ್ ಹೊಡೆಯುವ ಕಬ್ಬಿಣದ ಗೇಟಿಗೆ ಒಳ್ಳೆಯದು. ಮಣಿ ಹೊಡೆದ ಮೈ ನಯ, ಪೇಂಟಿಗೆ ಹಿಡಿತ ಸಿಗದು. ಮಳೆಗಾಲದಲ್ಲಿ ಪ್ರೈಮರ್ ಅದೇ ಹೊತ್ತಿನಲ್ಲಿ ಆಗಬೇಕು. ಸಂಜೆಗೆ ಬಿಟ್ಟರೆ ಕೆಂಪು ತುಕ್ಕು.

ಹೊಳೆ ಮರಳು: ಬೇಡ. ಅದರ ಧೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ.

ಬೈಕ್ ಎಂಜಿನ್ನಿನ ಹೆಡ್ಡಿಗೂ ನನ್ನ ಆಯ್ಕೆ ಮಣಿಯೇ, ಆದರೆ ಮೊದಲು ಗ್ರೀಸ್ ತೊಳೆದು ಒಣಗಿಸಿ, ಆಯಿಲ್ ತೂತುಗಳಿಗೆ ರಬ್ಬರ್ ಬಿರಡೆ ಹಾಕಿ. ಒಳಗುಳಿದ ಗಾಜು ಬೇರಿಂಗ್ ತಿನ್ನುತ್ತದೆ. ಕ್ಯಾಬಿನೆಟ್ ಒಂದೇ ಇರುವವರು ಮಣಿಯನ್ನಷ್ಟೇ ತುಂಬಿ, ಗೇಟನ್ನು ಹೊರಗೆ ಕಳಿಸುವುದೇ ಲಾಭ. ಹಾಪರಿನ ಮೂಲೆಯಲ್ಲಿ ಉಳಿದ ಒಂದು ಹಿಡಿ ಆಕ್ಸೈಡ್ ಮುಂದಿನ ಹಿತ್ತಾಳೆ ಹೆಡ್ಡಿನ ಮೇಲೆ ಗೀರು ಎಳೆಯುತ್ತದೆ.