ಎಪಿ ಕ್ಯಾಪ್‌ಸ್ಟೋನ್, ಐಬಿ ಡಿಪ್ಲೊಮಾ: ಎರಡರಲ್ಲೂ ಕೂತು ಬಂದವಳ ಹೋಲಿಕೆ

ಎಪಿ ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲ್‌ನಲ್ಲೇ ಕಾಲೇಜು ಮಟ್ಟದ ಪಾಠ ಕೊಡುವ ಅಮೆರಿಕದ ಕೋರ್ಸ್‌ಗಳು. ಕ್ಯಾಪ್‌ಸ್ಟೋನ್ ಅದರಲ್ಲಿ ಸೆಮಿನಾರ್, ಆಮೇಲೆ ರಿಸರ್ಚ್ ಅನ್ನೋ ಎರಡು ಕೋರ್ಸ್‌ಗಳ ಜೋಡಿ. ಹತ್ತನೇ ತರಗತಿಯಲ್ಲಿ ನಾನು ಎಪಿ ಸೆಮಿನಾರ್ ಮಾಡಿದೆ. ಆಮೇಲೆ ಮನೆ ಬದಲಾಯಿತು, ಹೊಸ ಶಾಲೆಯಲ್ಲಿ ಎಪಿ ಇರಲಿಲ್ಲ, ಹಾಗಾಗಿ ಮುಂದಿನ ಎರಡು ವರ್ಷ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೌರಿಯೇಟ್) ಡಿಪ್ಲೊಮಾ. ತಂಗಿ ಬೇರೆ ಶಾಲೆ ಸೇರಿ ಕ್ಯಾಪ್‌ಸ್ಟೋನ್ ಪೂರ್ತಿ ಮುಗಿಸಿದಳು, ಅವಳ ರಿಹರ್ಸಲ್‌ಗಳಿಗೆಲ್ಲ ನಾನೇ ಪ್ರೇಕ್ಷಕಿ. ಎರಡೂ ಕೋರ್ಸ್‌ಗಳು ವಿಷಯಗಳ ನಡುವಿನ ಗೋಡೆ ತೆಗೆಯುವ ಮಾತಾಡುತ್ತವೆ. ನಾನು ಕಂಡ ಹಾಗೆ ಸೆಮಿನಾರ್ ಗೋಡೆ ಒಡೆಯುತ್ತದೆ, ಐಬಿ ಗೋಡೆಗೆ ಒಂದು ಕಿಟಕಿ ಇಡುತ್ತದೆ.

ಸೆಮಿನಾರ್‌ನಲ್ಲಿ ಇಷ್ಟು ಪಾಠ ಮುಗಿಸಬೇಕು ಅನ್ನೋ ಲೆಕ್ಕ ಇಲ್ಲ. ತಂಡ ಒಂದು ಪ್ರಶ್ನೆ ಹಿಡಿಯಬೇಕು, ಒಬ್ಬೊಬ್ಬರು ಒಂದೊಂದು ಲೆನ್ಸ್‌ನಿಂದ ನೋಡಬೇಕು. ನಮ್ಮ ನಾಲ್ವರ ಪ್ರಶ್ನೆ, ಹೈಸ್ಕೂಲ್ ಬೆಳಿಗ್ಗೆ ತಡವಾಗಿ ಶುರುವಾಗಬೇಕಾ ಅಂತ. ಒಬ್ಬಳು ಬಯಾಲಜಿ ತಗೊಂಡಳು. ಹದಿಹರೆಯದಲ್ಲಿ ಮೆಲಟೋನಿನ್ ಅನ್ನೋ ನಿದ್ದೆಯ ಹಾರ್ಮೋನ್ ರಾತ್ರಿ ತಡವಾಗಿ ಏರುತ್ತದೆ, ಅದಕ್ಕೇ ಬೇಗ ಮಲಗು ಅಂದರೂ ನಿದ್ದೆ ಹತ್ತುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಬೆಳಿಗ್ಗೆ 8:30ಕ್ಕಿಂತ ಮುಂಚೆ ಶಾಲೆ ಬೇಡ ಅಂದಿದೆ. ನನ್ನ ಪಾಲಿಗೆ ಬಂದದ್ದು ದುಡ್ಡಿನ ಲೆನ್ಸ್. 1,200 ಪದಗಳ ವರದಿಗಾಗಿ ಏನು ಓದಿದರೂ ಕೊನೆಗೆ ಬಸ್ಸಿನ ಹತ್ತಿರವೇ ಬಂದು ನಿಲ್ಲುತ್ತಿದ್ದೆ, ಯಾಕೆಂದರೆ ಎಷ್ಟೋ ಕಡೆ ಅದೇ ಬಸ್ಸು ಮೊದಲು ಹೈಸ್ಕೂಲ್‌ನವರನ್ನು ಇಳಿಸಿ ಆಮೇಲೆ ಚಿಕ್ಕವರನ್ನು ಕರೆತರಲು ಹೋಗುತ್ತದೆ, ಶಾಲೆಯ ಸಮಯ ಬದಲಾಯಿಸಿದರೆ ಒಂದೋ ಬಸ್ಸು ಜಾಸ್ತಿ ಬೇಕು, ಇಲ್ಲ ಚಿಕ್ಕ ಮಕ್ಕಳು ಕತ್ತಲಲ್ಲಿ ಕಾಯಬೇಕು. ಇದನ್ನು ಬಯಾಲಜಿಯವಳ ಮುಂದೆ ಇಟ್ಟ ದಿನ ಭಾರೀ ಜಗಳ. ಅವಳಿಗೆ ನಿದ್ದೆ, ನನಗೆ ಬಸ್ಸು. ಆದರೆ ತಂಡದ ಪ್ರೆಸೆಂಟೇಶನ್‌ಗೆ ಇರುವುದು 8ರಿಂದ 10 ನಿಮಿಷ, ಅದರಲ್ಲಿ ಎಲ್ಲರೂ ಸೇರಿ ಒಂದೇ ಪರಿಹಾರ ಹೇಳಬೇಕು. ಬಸ್ಸಿನ ಸರದಿಯನ್ನೇ ತಿರುವಿ, ಸಮಯವನ್ನು ಅರ್ಧ ಗಂಟೆ ಮಾತ್ರ ಸರಿಸಿದೆವು. ಅವಳ ವರದಿಯನ್ನು ನಾನು ಮೂರು ಸಲ ಓದಿದ್ದು ಆ ಜಗಳದಿಂದಲೇ.

ಕೊರತೆ ಇಲ್ಲ ಅಂತಲ್ಲ. ತಂಡದಲ್ಲಿ ಒಬ್ಬ ಕೊನೇ ರಾತ್ರಿವರೆಗೂ ಸ್ಲೈಡ್ ಕಳಿಸಲಿಲ್ಲ, ಪ್ರೆಸೆಂಟೇಶನ್ ಅಂಕ ಮಾತ್ರ ಎಲ್ಲರದ್ದೂ ಒಂದೇ. ಇನ್ನೊಂದು, ಮೆಲಟೋನಿನ್ ಬಗ್ಗೆ ಅಷ್ಟು ಮಾತಾಡಿದ ನನಗೆ ಅದು ದೇಹದಲ್ಲಿ ಎಲ್ಲಿ ತಯಾರಾಗುತ್ತದೆ ಅಂತ ಗೊತ್ತೇ ಇರಲಿಲ್ಲ. ಅದನ್ನು ಕಲಿತದ್ದು ಐಬಿಯಲ್ಲಿ.

ಐಬಿಯಲ್ಲಿ ಆರು ವಿಷಯ, ಒಂದೊಂದಕ್ಕೆ 7 ಅಂಕ. ಥಿಯರಿ ಆಫ್ ನಾಲೆಡ್ಜ್ (ನಮಗೆ ಗೊತ್ತಿರುವುದು ಹೇಗೆ ಗೊತ್ತಾಯಿತು ಅಂತ ಕೇಳುವ ಕೋರ್ಸ್) ಮತ್ತು ಎಕ್ಸ್‌ಟೆಂಡೆಡ್ ಎಸ್ಸೆ (ಸ್ವಂತ ಸಂಶೋಧನೆಯ ದೊಡ್ಡ ಪ್ರಬಂಧ) ಸೇರಿ ಇನ್ನು 3, ಒಟ್ಟು 45. ಪಾಠ ಆಳವಾಗಿದೆ, ಆದರೆ ಬಯಾಲಜಿ ಬಯಾಲಜಿಯ ಪಾಡಿಗೆ, ಎಕನಾಮಿಕ್ಸ್ ಅದರ ಪಾಡಿಗೆ. ನಾನು ಹೇಳಿದ ಕಿಟಕಿ ಅಂದರೆ ಥಿಯರಿ ಆಫ್ ನಾಲೆಡ್ಜ್. ಅದರ ಎಕ್ಸಿಬಿಶನ್‌ಗೆ ಮೂರು ವಸ್ತು ಇಟ್ಟು, ಕೊಟ್ಟ ಪ್ರಶ್ನೆಗಳಲ್ಲಿ ಒಂದಕ್ಕೆ 950 ಪದಗಳೊಳಗೆ ಉತ್ತರಿಸಬೇಕು. ಯಾವುದನ್ನು ಜ್ಞಾನ ಅನ್ನಬಹುದು ಅನ್ನುವುದು ನನ್ನ ಪ್ರಶ್ನೆ. ಇಂಟರ್‌ನೆಟ್‌ನಿಂದ ಥರ್ಮಾಮೀಟರ್ ಚಿತ್ರ ಒಂದು ತೆಗೆದು ಹಾಕಿದೆ. ಮೇಡಂ ವಾಪಸ್ ಕೊಟ್ಟರು, ಯಾವುದೋ ಥರ್ಮಾಮೀಟರ್ ಬೇಡ, ಒಂದು ನಿರ್ದಿಷ್ಟ ಥರ್ಮಾಮೀಟರ್ ತಾ ಅಂದರು. ಆಗ ನೆನಪಾದದ್ದು ನಮ್ಮ ಮನೆಯದು. ನನಗೆ ಮೈ ಸರಿಯಿಲ್ಲದ ದಿನ ಅದು ಜ್ವರ ಇಲ್ಲ ಅಂದಿತು, ಅಮ್ಮನ ಅಂಗೈ ಇದೆ ಅಂದಿತು, ಅಮ್ಮ ಶಾಲೆಗೆ ಕಳಿಸಲಿಲ್ಲ. ಆ ಒಂದು ಪುಟ ಬರೆಯಲು ನನಗೆ ಎರಡು ವಾರ ಬೇಕಾಯಿತು, ಸುಳ್ಳಲ್ಲ.

4,000 ಪದಗಳ ಎಸ್ಸೆಯಲ್ಲಿ ನಿದ್ದೆಯನ್ನೂ ಬಸ್ಸನ್ನೂ ಸೇರಿಸಿ ಬರೆಯುವ ಆಸೆ ಇತ್ತು. ಎರಡು ವಿಷಯ ಬೆರೆಸುವುದಕ್ಕೆ ಐಬಿಯಲ್ಲಿ ದಾರಿ ಇದೆ, ನಮ್ಮ ಶಾಲೆಯಲ್ಲಿ ಅದಕ್ಕೆ ಗೈಡ್ ಮಾಡುವವರು ಇರಲಿಲ್ಲ. ಬರೀ ಎಕನಾಮಿಕ್ಸ್‌ನಲ್ಲಿ ಬರೆದೆ. ನಿದ್ದೆ ಹೋಯಿತು, ಎರಡೂ ಅರ್ಥದಲ್ಲಿ.

ಹೊರೆ ಐಬಿಯದೇ ಜಾಸ್ತಿ. ಎರಡನೇ ವರ್ಷ ಎಲ್ಲ ವಿಷಯದ ಪ್ರಾಜೆಕ್ಟ್‌ಗಳೂ ಎಸ್ಸೆಗಳೂ ಒಟ್ಟಿಗೆ ಮೈಮೇಲೆ ಬರುತ್ತವೆ, ಥಿಯರಿ ಆಫ್ ನಾಲೆಡ್ಜ್ ಅಥವಾ ಎಕ್ಸ್‌ಟೆಂಡೆಡ್ ಎಸ್ಸೆಯಲ್ಲಿ ತೀರಾ ಕೆಳಗಿನ ಇ ಗ್ರೇಡ್ ಬಂದರೆ ಡಿಪ್ಲೊಮಾನೇ ಸಿಗುವುದಿಲ್ಲ. ಕ್ಯಾಪ್‌ಸ್ಟೋನ್ ಡಿಪ್ಲೊಮಾಗೆ ಸೆಮಿನಾರ್, ರಿಸರ್ಚ್ ಮತ್ತು ಬೇರೆ ನಾಲ್ಕು ಎಪಿ ಪರೀಕ್ಷೆಗಳಲ್ಲಿ 5ಕ್ಕೆ 3 ಅಥವಾ ಮೇಲೆ ಬರಬೇಕು. ಒಂದು ಕೈಕೊಟ್ಟರೂ ಉಳಿದ ಅಂಕಗಳು ನಿಮ್ಮವೇ. ಆ ನಾಲ್ಕನ್ನು ನೀವೇ ಆರಿಸಿಕೊಳ್ಳಬಹುದು, ಅದು ಒಳ್ಳೆಯದೂ ಹೌದು, ತೂತೂ ಹೌದು. ತಂಗಿ ನಾಲ್ಕೂ ಗಣಿತ, ವಿಜ್ಞಾನವೇ ತಗೊಂಡಳು. ಇದರಲ್ಲಿ ಬೆರಕೆ ಎಲ್ಲಿ ಬಂತು, ಅಲ್ವಾ?

ಆದರೆ ಅವಳ ರಿಸರ್ಚ್ ನೋಡಿ ಹೊಟ್ಟೆಕಿಚ್ಚಾಯಿತು. 4,000ದಿಂದ 5,000 ಪದಗಳ ಪೇಪರ್, ಆಮೇಲೆ ಮೂವರ ಮುಂದೆ ಕೂತು ಅದನ್ನು ಸಮರ್ಥಿಸಿಕೊಳ್ಳಬೇಕು. ಸರ್ವೆಯನ್ನು ಮತ್ತೆ ಮಾಡುವುದಾದರೆ ಏನು ಬದಲಾಯಿಸುತ್ತೀಯ ಅಂತ ರಿಹರ್ಸಲ್‌ನಲ್ಲಿ ನಾನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಳು. ಆಮೇಲೆ, ನನ್ನ ಸ್ನೇಹಿತೆಯರನ್ನೇ ಕೇಳಿದ್ದು ತಪ್ಪು ಅಂದಳು. ನನ್ನ ಎಸ್ಸೆಗೆ ಕೊನೆಯಲ್ಲಿ ಇದ್ದದ್ದು ಮೇಡಂ ಜೊತೆ ಹದಿನೈದು ನಿಮಿಷದ ಮಾತು, ಅಷ್ಟೇ.

ಈಗ ಆಯ್ಕೆ ಸಿಕ್ಕರೆ ನಾನು ಕ್ಯಾಪ್‌ಸ್ಟೋನ್ ತಗೊಂಡು, ಆ ನಾಲ್ಕರಲ್ಲಿ ಎರಡು ಪರೀಕ್ಷೆ ನನಗೆ ಭಯ ಹುಟ್ಟಿಸುವ ವಿಷಯಗಳಲ್ಲೇ ಬರೆಯುತ್ತೇನೆ. ತಂಗಿ ಮಾತ್ರ ಆ ಥರ್ಮಾಮೀಟರ್ ಪುಟ ಓದಿದಾಗಿಂದ ಐಬಿ ಅನ್ನುತ್ತಿದ್ದಾಳೆ.