ಹತ್ತು ರೂಪಾಯಿ ವ್ಯಾಪಾರಕ್ಕೆ ಅರ್ಧ ಗಂಟೆ ವಿಚಾರಣೆ: ಮಂಡಿಪೇಟೆಯ ರೆಸಿಸ್ಟರ್ ಅಂಗಡಿ

ದಾವಣಗೆರೆ ಮಂಡಿಪೇಟೆಯ ಓಣಿಯಲ್ಲಿರುವ ಈ ಅಂಗಡಿಯ ಹೆಸರೇನೆಂದು ಕೇಳಬೇಡಿ. ಬೋರ್ಡಿನ ಬಣ್ಣ ಹೋಗಿ ‘ಎಲೆಕ್ಟ್ರಾನಿಕ್ಸ್’ ಎಂಬುದಷ್ಟೇ ಉಳಿದಿದೆ. ಒಳಗೆ ಗೋಡೆ ತುಂಬ ರೆಸಿಸ್ಟರ್, ಅಂದರೆ ಕರೆಂಟಿನ ಹರಿವನ್ನು ತಡೆಯುವ ಪುಟ್ಟ ಬಿಡಿಭಾಗದ ಪ್ಲಾಸ್ಟಿಕ್ ಡಬ್ಬಿಗಳು, ಒಂದೊಂದರ ಮೇಲೂ ಪೆನ್ನಿನಲ್ಲಿ ಬರೆದ ಓಮ್ ಸಂಖ್ಯೆ, ಎಂದರೆ ಆ ತಡೆಯ ಅಳತೆ. ಗಿರಾಕಿಗಳಲ್ಲಿ ಹೆಚ್ಚಿನವರು ಟಿವಿ, ಆಂಪ್ಲಿಫೈಯರ್ ರಿಪೇರಿಯವರು. ನಾನು ಹೋದದ್ದು ನಮ್ಮ ಓಮ್ನಿಗಾಗಿ.

ನಮ್ಮದು ಮಂಡಕ್ಕಿ ಸಾಗಣೆ. ನಸುಕಿನಲ್ಲಿ ಭಟ್ಟಿಯ ಮುಂದೆ ಚೀಲ ತುಂಬುವಾಗ ವ್ಯಾನಿನ ಒಳದೀಪ ಯಾವುದಕ್ಕೂ ಸಾಲದು. ಬಿಡಿ ಎಲ್‌ಇಡಿ ತಂದು ಮೇಲ್ಛಾವಣಿಗೆ ಪಟ್ಟಿ ಮಾಡೋಣವೆಂದು ರೆಸಿಸ್ಟರ್ ಕೇಳಿದೆ. ಬೇರೆ ಕಡೆಯಾದರೆ ಕೈಗೆ ಸಿಕ್ಕಿದ್ದನ್ನು ಪೊಟ್ಟಣ ಕಟ್ಟಿ ಕೊಡುತ್ತಾರೆ. ಇಲ್ಲಿನ ಯಜಮಾನರು ಮೊದಲು ಕೇಳಿದ್ದು, ‘ಎಂಜಿನ್ ಓಡುವಾಗ ಎಷ್ಟು ವೋಲ್ಟ್?’ ನಾನು ಅಳೆದುಕೊಂಡೇ ಹೋಗಿದ್ದೆ: ನಿಂತಾಗ 12.4, ಓಡುವಾಗ 14.4. ಅವರ ಮುಖ ಸ್ವಲ್ಪ ಸಡಿಲವಾಯಿತು.

ಲೆಕ್ಕ ಹೀಗೆ. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3.2 ವೋಲ್ಟ್ ಬೇಕು. ಮೂರನ್ನು ಸರಣಿಯಲ್ಲಿ ಪೋಣಿಸಿದರೆ 9.6 ಆಯಿತು, ಓಡುವಾಗಿನ 14.4ರಲ್ಲಿ ಉಳಿದ 4.8 ವೋಲ್ಟನ್ನು 330 ಓಮ್‌ಗೆ ಬಿಟ್ಟರೆ 14.5 ಮಿಲಿಆಂಪಿಯರ್ ಹರಿಯುತ್ತದೆ. ಎಲ್ಲರೂ ಮಾಡುವುದು ಇದನ್ನೇ. ಆದರೆ ಎಂಜಿನ್ ನಿಲ್ಲಿಸಿದ ಕೂಡಲೇ ಆ ಹರಿವು 8.5ಕ್ಕೆ ಇಳಿಯುತ್ತದೆ. ಚೀಲ ತುಂಬುವುದು ಎಂಜಿನ್ ನಿಲ್ಲಿಸಿಯೇ ಅಲ್ಲವೇ? ಬೆಳಕು ಬೇಕಾದ ಹೊತ್ತಿಗೇ ಮಂಕು. ಎರಡೆರಡನ್ನು ಪೋಣಿಸಿ 470 ಓಮ್ ಹಾಕಿ ಎಂದರು. ಓಡುವಾಗ 17 ಮಿಲಿಆಂಪಿಯರ್, ನಿಂತಾಗ 12.8. ರೆಸಿಸ್ಟರಿನಲ್ಲಿ ಹೆಚ್ಚು ವೋಲ್ಟ್ ಉಳಿದಷ್ಟೂ ಬ್ಯಾಟರಿಯ ಏರಿಳಿತಕ್ಕೆ ದೀಪ ಕಡಿಮೆ ಅಲುಗುತ್ತದೆ. ವಿದ್ಯುತ್ತು ಸ್ವಲ್ಪ ದಂಡ, ಆಗಲಿ. ರೆಸಿಸ್ಟರಿನಲ್ಲಿ ಶಾಖವಾಗುವ ವ್ಯಾಟ್ ಲೆಕ್ಕ 0.14 ಬಂದರೂ ಕಾಲು ವ್ಯಾಟಿನದನ್ನು ಕೊಡದೆ ಅರ್ಧ ವ್ಯಾಟಿನದನ್ನೇ ಕೊಟ್ಟರು. ಬೆಲೆಯಲ್ಲಿ ಪೈಸೆಗಳ ವ್ಯತ್ಯಾಸ, ಏಪ್ರಿಲ್ ಬಿಸಿಲಿಗೆ ಕಾಯುವ ತಗಡಿನ ಛಾವಣಿಯಡಿ ಅದೇ ಸರಿ. 470 ಎಂದು ಸೂಚಿಸುವ ಹಳದಿ, ನೇರಳೆ, ಕಂದು ಪಟ್ಟೆ ನೋಡಿಕೊಂಡು, ಮೀಟರಿನಲ್ಲೂ ಒಂದನ್ನು ಅಳೆದು ತೋರಿಸಿದರು. ಇಂಥ ವ್ಯಾಪಾರಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಅಂಕ ಕಳೆಯುವುದು ಇಂಡಿಕೇಟರ್ ವಿಷಯದಲ್ಲಿ. 21 ವ್ಯಾಟಿನ ಬಲ್ಬ್ ತೆಗೆದು ಎಲ್‌ಇಡಿ ಹಾಕಿದರೆ ಕರೆಂಟು ಇಳಿಯುತ್ತದೆ. ಬಲ್ಬ್ ಸುಟ್ಟಿದೆಯೆಂದು ತಿಳಿದ ಫ್ಲ್ಯಾಷರ್ (ಇಂಡಿಕೇಟರನ್ನು ಮಿನುಗಿಸುವ ರಿಲೇ) ಪಟಪಟನೆ ಬಡಿಯತೊಡಗುತ್ತದೆ. ಇದಕ್ಕೆ ಅವರು ಮುಂದಿಟ್ಟದ್ದು ಚಿನ್ನದ ಬಣ್ಣದ 6 ಓಮ್, 50 ವ್ಯಾಟಿನ ಲೋಡ್ ರೆಸಿಸ್ಟರ್. ಇದು ಮಾಡುವ ಕೆಲಸವೆಂದರೆ ಹಳೆಯ ಬಲ್ಬು ತಿನ್ನುತ್ತಿದ್ದುದಕ್ಕಿಂತ ಹೆಚ್ಚೇ ವಿದ್ಯುತ್ತನ್ನು ತಿಂದು ಕಾಯುವುದು. 14 ವೋಲ್ಟಿಗೆ, ಉರಿದಷ್ಟು ಹೊತ್ತು, 32 ವ್ಯಾಟ್‌ಗೂ ಮಿಕ್ಕಿ ಶಾಖ. 50 ಎಂಬ ಅಂಕಿಯೂ ದಪ್ಪ ಲೋಹಕ್ಕೆ ಬೋಲ್ಟ್ ಹಾಕಿ ಕೂರಿಸಿದಾಗ ಮಾತ್ರ ನಿಜ. ತಂತಿಯಲ್ಲಿ ನೇತುಹಾಕಿದರೆ ಅದರ ಅರ್ಧವನ್ನೂ ತಾಳುವುದಿಲ್ಲ. ನಮ್ಮ ವ್ಯಾನಿನಲ್ಲಿ ಹಿಂದಿನ ದೀಪದ ಬೆನ್ನಿಗೇ ಪ್ಲಾಸ್ಟಿಕ್ ಚೀಲಗಳು ಒತ್ತಿಕೊಂಡಿರುತ್ತವೆ. ಅಲ್ಲಿ ಒಲೆ ಹೂಡುವ ಧೈರ್ಯ ನನಗಿಲ್ಲ. ಅಷ್ಟು ಕೂಲಂಕಷವಾಗಿ ವಿಚಾರಿಸಿದ ಮನುಷ್ಯ ಇಲ್ಲಿ ಮಾತ್ರ ಚೀಲದ ಮಾತನ್ನೇ ಎತ್ತಲಿಲ್ಲ. ಆ ಡಬ್ಬಿಯಲ್ಲಿ ಲಾಭ ಹೆಚ್ಚಿರಬೇಕು.

ಪಿ.ಬಿ. ರಸ್ತೆಯ ಬಿಡಿಭಾಗದ ಅಂಗಡಿಯೊಂದರಲ್ಲಿ ಎಲ್‌ಇಡಿ ಫ್ಲ್ಯಾಷರ್ ರಿಲೇ ಕೊಂಡು ಹಳೆಯದರ ಜಾಗದಲ್ಲಿ ಸಿಕ್ಕಿಸಿದೆ. ಇದು ಕರೆಂಟಿನ ಗೊಡವೆಯಿಲ್ಲದೆ ಒಂದೇ ವೇಗದಲ್ಲಿ ಮಿನುಗುತ್ತದೆ. ಹಾಗಾಗಿ ದೀಪ ಕೆಟ್ಟರೂ ಸುಳಿವು ಕೊಡುವುದಿಲ್ಲ. ಆಗಾಗ ಇಳಿದು ನೋಡಬೇಕು.

ಹೋಗುವವರು ಚಿಲ್ಲರೆ ಇಟ್ಟುಕೊಳ್ಳಿ, ಬಿಡಿ ರೆಸಿಸ್ಟರ್ ಹತ್ತಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಕೊಡುವುದಿಲ್ಲ. ಓಣಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ. ಲಾರಿಯವರು 24 ವೋಲ್ಟ್ ಎಂದು ಮೊದಲೇ ಹೇಳಿ, ಮೇಲಿನ ಲೆಕ್ಕ ಅವರಿಗೆ ಹೊಂದುವುದಿಲ್ಲ. ದೀಪದ ತಂತಿಗೆ ಹಾಕುವ ಫ್ಯೂಸ್ ಹೋಲ್ಡರ್ ಇಲ್ಲಿ ಸಿಗುವುದಿಲ್ಲ, ಅದನ್ನೂ ರಿಲೇ ಜೊತೆಗೇ ತಂದುಬಿಡಿ.