ವ್ಯಾನಿಗೆ ಕಾಣದ ಟ್ರೇಲರ್: ಏಳು ಪಿನ್ನಿನ ವೈರಿಂಗ್ ಕಿಟ್ ಜೊತೆ ಐದು ಮಳೆಗಾಲ

ವ್ಯಾನಿನ ದೀಪಗಳ ಕರೆಂಟನ್ನು ಹಿಂದಿನ ಟ್ರೇಲರಿನ ದೀಪಗಳಿಗೆ ಸಾಗಿಸುವ ಈ ಕಿಟ್ ಕೊಂಡದ್ದು 2021ರ ಗಣೇಶ ಚವತಿಗೆ ಇಪ್ಪತ್ತು ದಿನ ಮುಂಚೆ. ಗೋವಾದ ವಾಸ್ಕೋದಲ್ಲಿ ನನ್ನದು ಶಾಮಿಯಾನ, ಕುರ್ಚಿ, ಧ್ವನಿವರ್ಧಕ ಬಾಡಿಗೆಗೆ ಕೊಡುವ ಕಸುಬು. 2012ರ ಮಾದರಿಯ ಡೀಸೆಲ್ ವ್ಯಾನ್ ಒಂದಿದೆ, ಸೆಕೆಂಡ್ ಹ್ಯಾಂಡ್. ಅದರ ಬೆನ್ನಿಗೆ ಎರಡು ಚಕ್ರದ ಟ್ರೇಲರ್. ಅದರ ಮೇಲೆ ಸಣ್ಣ ಜನರೇಟರ್ ಮತ್ತು ಕೇಬಲ್ ತುಂಬಿದ ಪೆಟ್ಟಿಗೆ. ಗಣಪತಿ ಮಂಟಪವಿರಲಿ, ಜುವಾರಿನಗರದ ರಾಜ್ಯೋತ್ಸವವಿರಲಿ, ಖಾನಾಪುರದ ಕಡೆಯ ಮದುವೆ ಇರಲಿ, ಈ ಜೋಡಿಯೇ ಹೋಗಬೇಕು. ಟ್ರೇಲರ್ ಎಂದರೆ ಬರೀ ತಳ್ಳುಗಾಡಿಯ ಅಣ್ಣನಲ್ಲವೇ ಎನ್ನುವವರಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆ ಅದನ್ನೂ ಮೋಟಾರು ವಾಹನವೆಂದೇ ಎಣಿಸುತ್ತದೆ. ಅದಕ್ಕೆ ಅದರದೇ ನಂಬರ್ ಪ್ಲೇಟ್ ಬೇಕು, ದೀಪಗಳೂ ಬೇಕು.

ಕಿಟ್ ತಯಾರಿಸಿದ ಕಂಪನಿಯ ಹೆಸರು ಬರೆಯುವುದಿಲ್ಲ. ಮಡಗಾಂವ್‌ನ ಅಂಗಡಿಯಲ್ಲಿ ಇಂಥದೇ ಮೂರು ನಾಲ್ಕು ಡಬ್ಬಿಗಳಿದ್ದವು. ಮೇಲಿನ ಚಿತ್ರ ಬೇರೆ, ಒಳಗಿನ ಸಾಮಾನು ಒಂದೇ ಅಚ್ಚಿನದು. ಏಳು ಪಿನ್ನಿನ ಸಾಕೆಟ್, ಅದಕ್ಕೆ ಹೊಂದುವ ಪ್ಲಗ್, ಐದು ಮೀಟರ್ ಏಳೆಳೆ ಕೇಬಲ್, ಟ್ರೇಲರಿನ ಹಿಂಬದಿಗೆ ಎರಡು ದೀಪಗಳು, ಮಡಿಸಿ ಮಡಿಸಿ ಅಂಗೈಯಷ್ಟಾದ ಒಂದು ಹಾಳೆ. ಎರಡು ಸಾವಿರ ರೂಪಾಯಿಯ ಒಳಗೆ ಆಯಿತು.

ಮೊದಲ ದಿನವೇ ಫ್ಯೂಸ್ ಸುಟ್ಟಿತು. ತಪ್ಪು ಕಿಟ್‌ನದಲ್ಲ, ನಮ್ಮದು. ವೈರಿಂಗ್ ಮಾಡಿಕೊಟ್ಟ ಕಾಕಾ ಗದಗಿನ ಕಡೆಯವರು, ಮೂವತ್ತು ವರ್ಷದಿಂದ ಗೋವಾದಲ್ಲಿದ್ದಾರೆ. ಗಾಡಿಯಲ್ಲಿ ಕಪ್ಪು ವೈರ್ ಎಂದರೆ ಅರ್ಥಿಂಗ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸಾಗುವ ದಾರಿ, ಎಂಬುದು ಅವರ ಕೈಗೆ ಅಂಟಿದ ಅಭ್ಯಾಸ. ಹಾಳೆ ನೋಡದೆ ಕಪ್ಪನ್ನು ಚಾಸಿಗೆ, ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಬಿಗಿದರು. ಪಾರ್ಕಿಂಗ್ ಲೈಟ್ ಹಾಕಿದೆವೋ ಇಲ್ಲವೋ, ವ್ಯಾನಿನ ಹಿಂದಿನ ದೀಪಗಳೂ ಆರಿದವು. ಈ ಏಳು ಪಿನ್ನಿನ 12 ವೋಲ್ಟ್ ಸಾಕೆಟ್‌ಗೆ ಅಂತರರಾಷ್ಟ್ರೀಯ ಮಾನದಂಡವೊಂದಿದೆ, ಐಎಸ್‌ಒ 1724. ಅದರ ಪ್ರಕಾರ ಒಂದನೆಯ ಪಿನ್ ಹಳದಿ, ಎಡ ಇಂಡಿಕೇಟರ್. ನಾಲ್ಕನೆಯದು ಹಸಿರು, ಬಲ ಇಂಡಿಕೇಟರ್. ಆರು ಕೆಂಪು, ಬ್ರೇಕ್ ದೀಪ. ಐದು ಕಂದು, ಬಲಗಡೆಯ ಹಿಂದೀಪ. ಏಳು ಕಪ್ಪು, ಎಡಗಡೆಯ ಹಿಂದೀಪ. ಎರಡು ನೀಲಿ, ಹಿಂಬದಿಯ ಫಾಗ್ ಲೈಟ್. ನಮ್ಮಲ್ಲಿ ಅದು ಖಾಲಿ. ಅರ್ಥಿಂಗ್ ಇರುವುದು ಮೂರರಲ್ಲಿ, ಬಿಳಿ ವೈರಿನಲ್ಲಿ. ಕಪ್ಪನ್ನು ಚಾಸಿಗೆ ಕಟ್ಟಿದರೆ ಹಿಂದೀಪದ ಕರೆಂಟ್ ನೇರವಾಗಿ ಗಾಡಿಯ ಕಬ್ಬಿಣಕ್ಕೆ ಇಳಿಯುತ್ತದೆ. ಫ್ಯೂಸ್ ತನ್ನ ಕರ್ತವ್ಯ ಮಾಡಿತು ಅಷ್ಟೆ. ಕಾಕಾ 10 ಆಂಪಿಯರ್ ಫ್ಯೂಸಿನ ಜಾಗದಲ್ಲಿ 20ರದನ್ನು ತುರುಕಲು ಹೊರಟಿದ್ದರು, ಕೈ ಹಿಡಿದು ನಿಲ್ಲಿಸಿದೆ.

ಇನ್ನೊಂದು ಎಡವಟ್ಟೂ ಅಲ್ಲೇ ಆಗುವುದರಲ್ಲಿತ್ತು. ಹಾಳೆಯಲ್ಲಿರುವ ಚಿತ್ರ ಸಾಕೆಟ್ಟನ್ನು ಎದುರಿನಿಂದ ನೋಡಿದಂತೆ ಬರೆದದ್ದು. ವೈರ್ ಬಿಗಿಯುವುದು ಹಿಂದಿನಿಂದ. ಕನ್ನಡಿಯೊಳಗಿನ ಮುಖದಂತೆ ಎಡಬಲ ಅದಲುಬದಲಾಗುತ್ತದೆ. ಪ್ರತಿ ಸ್ಕ್ರೂ ಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣದಾಗಿ ಅಂಕಿಯನ್ನು ಎರಕ ಹೊಯ್ದಿರುತ್ತಾರೆ. ಅದನ್ನು ನಂಬಬೇಕು, ಚಿತ್ರವನ್ನಲ್ಲ. ಈ ಒಂದು ಸಾಲನ್ನು ಹಾಳೆಯಲ್ಲಿ ಅಚ್ಚು ಹಾಕಿಸಲು ಕಂಪನಿಯವರಿಗೆ ಏನು ಕಷ್ಟವಿತ್ತೋ.

ಆ ಚವತಿ, ಆ ಚಳಿಗಾಲ ಏನೂ ತೊಂದರೆಯಾಗಲಿಲ್ಲ. ಆಗಲೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಕೊಟ್ಟುಬಿಡುತ್ತಿದ್ದೆ. ವಾಸ್ಕೋದ ಗಾಳಿಯಲ್ಲಿ ಉಪ್ಪಿದೆ ಎಂಬುದು ನನಗೆ ಮರೆತೇ ಹೋಗಿತ್ತು.

2022ರ ಜೂನ್. ಖಾನಾಪುರದ ಕಡೆ ಮದುವೆ ಮುಗಿಸಿ ರಾತ್ರಿ ಅನಮೋಡ ಘಾಟ್ ಇಳಿಯುತ್ತಿದ್ದೆವು. ಮಳೆ, ಅದರ ಮೇಲೆ ಮಂಜು. ಮೊಲ್ಲೇಂ ಚೆಕ್‌ಪೋಸ್ಟ್ ಹತ್ತಿರ ನಿಲ್ಲಿಸಿದಾಗ ಹಿಂದೆಯೇ ಬಂದ ಬೆಳಗಾವಿಯ ಲಾರಿ ಚಾಲಕ ಇಳಿದು ಬಂದ. “ಅಣ್ಣಾ, ನಿಮ್ಮ ಟ್ರೇಲರಿಗೆ ಏನೋ ಹಿಡಿದಿದೆ. ನೀವು ಬ್ರೇಕ್ ಹಾಕಿದರೆ ಕೆಂಪು ದೀಪ ಹೆಚ್ಚಾಗುವ ಬದಲು ಕಡಿಮೆಯಾಗುತ್ತದೆ. ಎರಡೂ ಕಡೆಯ ಹಳದಿ ದೀಪ ಸುಮ್ಮನೆ ಮಿಣುಕುತ್ತವೆ. ನಿಲ್ಲುತ್ತೀರೋ ತಿರುಗುತ್ತೀರೋ ಒಂದೂ ತಿಳಿಯಲಿಲ್ಲ.” ನಂಬಲಾಗಲಿಲ್ಲ. ಹುಡುಗನನ್ನು ಬ್ರೇಕ್ ಒತ್ತಲು ಕೂರಿಸಿ ಹಿಂದೆ ಹೋಗಿ ನಿಂತೆ. ಲಾರಿಯವನು ಹೇಳಿದ್ದು ಅಕ್ಷರಶಃ ನಿಜ. ಅಷ್ಟು ಹೊತ್ತೂ ನನ್ನ ಡ್ಯಾಶ್‌ಬೋರ್ಡ್ ಮಾತ್ರ ಶುದ್ಧವಾಗಿತ್ತು, ಒಂದು ಎಚ್ಚರಿಕೆಯ ದೀಪವೂ ಹೊತ್ತಿರಲಿಲ್ಲ.

ಬೆಳಿಗ್ಗೆ ಕಾಕಾ ಸಾಕೆಟ್ ಬಿಚ್ಚಿದರು. ಮೂರನೆಯ ಪಿನ್ನಿನ ಬಿಳಿ ವೈರ್ ಚಾಸಿಗೆ ಬಿಗಿದ ಜಾಗದಲ್ಲಿ, ಉಂಗುರದ ಕೆಳಗೆ, ಹಸಿರು ಕಿಲುಬು. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಬಿಗಿಯುವಾಗ ಬಣ್ಣ ಕೆರೆದಿರಲಿಲ್ಲ. ಸ್ಕ್ರೂವಿನ ಎರಡು ಹಲ್ಲು ಕಬ್ಬಿಣವನ್ನು ಕಚ್ಚಿದ್ದರಿಂದಲೇ ಇಷ್ಟು ದಿನ ನಡೆದಿತ್ತು. ಅರ್ಥಿಂಗ್ ತಪ್ಪಿದರೆ ಕರೆಂಟ್ ಸುಮ್ಮನಿರುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಹಿಂದೀಪಕ್ಕೆ ಬಂದದ್ದು ಪಕ್ಕದ ಬ್ರೇಕ್ ಬಲ್ಬಿನ ತಂತಿಯೊಳಗೆ ನುಗ್ಗಿ, ಬ್ರೇಕಿನ ವೈರಿನಲ್ಲೇ ಹಿಂದಕ್ಕೆ ಹರಿದು, ವ್ಯಾನಿನ ಬಲ್ಬುಗಳ ಮೂಲಕ ಚಾಸಿ ಮುಟ್ಟುತ್ತದೆ. ಬ್ರೇಕ್ ಒತ್ತಿದ ಕೂಡಲೇ ಆ ದಾರಿಯಲ್ಲೂ ಎದುರಿನಿಂದ 12 ವೋಲ್ಟ್ ಬರುತ್ತದೆ. ಆಗ ಉಳಿಯುವುದು ಇಂಡಿಕೇಟರುಗಳ ದಾರಿ ಒಂದೇ. ಎಲ್ಲವೂ ಅದರಲ್ಲೇ ಹಂಚಿಕೊಂಡು ಹೋಗಬೇಕಾದ್ದರಿಂದ ಕೆಂಪೂ ಮಂಕು, ಹಳದಿಯೂ ಮಂಕು. ಟ್ರೇಲರಿನ ದೀಪಗಳು ಒಂದಕ್ಕೊಂದು ಸಂಬಂಧವಿಲ್ಲದೆ ಚೇಷ್ಟೆ ಮಾಡತೊಡಗಿದರೆ ಬಲ್ಬ್ ಬಿಚ್ಚಬೇಡಿ, ಮೊದಲು ಬಿಳಿ ವೈರ್ ನೋಡಿ.

ಹಾಗಾದರೆ ಹೊರಡುವ ಹಿಂದಿನ ದಿನ ಅಂಗಳದಲ್ಲಿ ಎಲ್ಲವೂ ಸರಿಯಾಗಿ ಹೊತ್ತಿತ್ತಲ್ಲ? ಟ್ರೇಲರನ್ನು ಸಿಕ್ಕಿಸುವ ಉಕ್ಕಿನ ಗುಂಡಿನ ಮೂಲಕವೂ ಒಂದಿಷ್ಟು ಅರ್ಥಿಂಗ್ ಸಿಗುತ್ತದೆ. ಹೊರಡುವ ಬೆಳಿಗ್ಗೆ ನಾನೇ ಭಕ್ತಿಯಿಂದ ಅದಕ್ಕೆ ಗ್ರೀಸ್ ಮೆತ್ತಿದ್ದೆ.

ನಾನು ಮಲ್ಟಿಮೀಟರ್ ಹಿಡಿದು ಓಡಾಡುತ್ತಿದ್ದೆ, ಎಲ್ಲ ಕಡೆ 12 ತೋರಿಸುತ್ತಿತ್ತು. ಕಾಕಾ ನಕ್ಕರು. “ತಮ್ಮಾ, ಮೀಟರಿಗೆ ಹೊಟ್ಟೆ ಇಲ್ಲ. ಒಂದೇ ಎಳೆ ಉಳಿದಿದ್ದರೂ ಅದಕ್ಕೆ ಸಾಕು. ಬಲ್ಬಿಗೆ ಊಟ ಬೇಕು.” ಹಳೆಯ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸೆದು ಮಾಡಿಕೊಂಡ ಟೆಸ್ಟ್ ಲ್ಯಾಂಪ್ ಅವರ ಚೀಲದಲ್ಲಿತ್ತು. 21 ವ್ಯಾಟ್ ಎಂದರೆ 12 ವೋಲ್ಟಿಗೆ ಸುಮಾರು ಒಂದೂಮುಕ್ಕಾಲು ಆಂಪಿಯರ್. ಕಿಲುಬು ಹಿಡಿದ ಸಂದಿನಲ್ಲಿ ಅಷ್ಟು ಹರಿಯುವುದಿಲ್ಲ, ಬಲ್ಬ್ ಮಂಕಾಗಿ ಗುಟ್ಟು ರಟ್ಟು ಮಾಡುತ್ತದೆ. ಬಣ್ಣ ಕೆರೆದು, ತವರದ ಉಂಗುರ ಹಾಕಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರು. ಅವತ್ತಿನಿಂದ ಆ ಜಾಗ ತಕರಾರು ಮಾಡಿಲ್ಲ.

ನನ್ನ ನಿಜವಾದ ದೂರು ಇರುವುದು ಬೇರೆಡೆ. ವ್ಯಾನಿಗೆ ಟ್ರೇಲರ್ ಕಾಣುವುದಿಲ್ಲ. ವ್ಯಾನಿನ ಇಂಡಿಕೇಟರ್ ಬಲ್ಬ್ ಒಂದು ಸುಟ್ಟರೆ, ಇಂಡಿಕೇಟರನ್ನು ಮಿಣುಕಿಸುವ ಫ್ಲಾಷರ್ ಮೂಲಕ ಹೋಗುವ ಕರೆಂಟ್ ಕಡಿಮೆಯಾಗಿ ಟಿಕ್‌ಟಿಕ್ ದುಪ್ಪಟ್ಟು ವೇಗವಾಗುತ್ತದೆ. ಅದು ಚಾಲಕನಿಗೆ ಸಿಗುವ ಸೂಚನೆ. ಟ್ರೇಲರಿನ ಬಲ್ಬ್ ಸುಟ್ಟರೆ? ವ್ಯಾನಿನ ಎರಡು ಬಲ್ಬ್ ಹೇಗೂ ಉರಿಯುತ್ತಿವೆ, ಟಿಕ್‌ಟಿಕ್ ಎಂದಿನಂತೆ. ಇನ್ನೂ ಕೆಟ್ಟದ್ದು ಇದರ ತಿರುಗುಮುರುಗು: ವ್ಯಾನಿನ ಬಲ್ಬೇ ಸುಟ್ಟರೂ ಟ್ರೇಲರಿನದು ಅದರ ಪಾಲಿನ ಕರೆಂಟ್ ಎಳೆಯುವುದರಿಂದ ಫ್ಲಾಷರ್‌ಗೆ ಲೆಕ್ಕ ಸರಿಹೋಗುತ್ತದೆ. ಒಮ್ಮೆ ಮೂರು ದಿನ ಹಾಗೆಯೇ ಓಡಾಡಿದ್ದೇನೆ. ಟ್ರೇಲರ್ ಕಳಚಿದ ಮೇಲೆ ಟಿಕ್‌ಟಿಕ್ ಓಡತೊಡಗಿದಾಗಲೇ ತಿಳಿದದ್ದು. ಟ್ರೇಲರಿನ ಮೇಲೆ ನಿಗಾ ಇಡುವ ಬಝರ್ ಸಹಿತ ರಿಲೇ ಪೆಟ್ಟಿಗೆ ಬೇರೆಯಾಗಿ ಸಿಗುತ್ತದೆ. ಕಿಟ್‌ನಲ್ಲಿ ಅದು ಇಲ್ಲ, ಬೇಕು ಎಂಬ ಮಾತೂ ಡಬ್ಬಿಯ ಮೇಲಿಲ್ಲ. 2023ರಲ್ಲಿ ತರಿಸಿ ಹಾಕಿಸಿದೆ. ಇಂಡಿಕೇಟರ್ ಹಾಕಿದಾಗ ಬಝರ್ ಕೀಚುಗುಟ್ಟಿದರೆ ಟ್ರೇಲರಿನ ಬಲ್ಬ್ ಬದುಕಿದೆ, ಮೌನವಾದರೆ ಸತ್ತಿದೆ. ಹೆಂಡತಿಗೆ ಆ ಸದ್ದು ಕೇಳಿದರೆ ಆಗುವುದಿಲ್ಲ, ನನಗೆ ಅದೇ ನೆಮ್ಮದಿ.

ಕಿಟ್‌ನ ದೀಪಗಳ ಗಾಜು ಗಟ್ಟಿ, ಆದರೆ ಟ್ರೇಲರಿನ ಕುಲುಕಾಟಕ್ಕೆ ಒಳಗಿನ ತಂತಿ ತಡೆಯುವುದಿಲ್ಲ. ವರ್ಷಕ್ಕೆ ನಾಲ್ಕೈದು ಬಲ್ಬ್ ಬದಲಾಯಿಸಿದ್ದೇನೆ. 2024ರಲ್ಲಿ ಬೇಸತ್ತು ಪೂರ್ತಿ ಎಲ್‌ಇಡಿ ದೀಪ ಹಾಕಿಸಿದೆ. ಬೆಳಕು ಚೆನ್ನ, ಮಳೆಯಲ್ಲೂ ದೂರದಿಂದ ಕಾಣುತ್ತದೆ. ಬಝರ್ ಮಾತ್ರ ಬಾಯಿ ಮುಚ್ಚಿತು: ಎಲ್‌ಇಡಿ ಎಳೆಯುವ ಅಷ್ಟಿಷ್ಟು ಕರೆಂಟ್ ಅದರ ಗಮನಕ್ಕೇ ಬರುವುದಿಲ್ಲ. ಕೊನೆಗೆ ಬ್ರೇಕಿಗೂ ಹಿಂದೀಪಕ್ಕೂ ಎಲ್‌ಇಡಿ, ಇಂಡಿಕೇಟರಿಗೆ ಹಳೆಯ ಬಲ್ಬ್ ಎಂದು ರಾಜಿಯಾದೆವು. ಚಿಕ್ಕಪ್ಪನ ಮಗ ತನ್ನ ವ್ಯಾನಿನಲ್ಲೇ ಇಂಡಿಕೇಟರನ್ನು ಎಲ್‌ಇಡಿಗೆ ಬದಲಿಸಿ, ಈಗ ಮಿಂಚುಹುಳದಂತೆ ಮಿನುಗುತ್ತಾ ತಿರುಗುತ್ತಾನೆ. ಬಲ್ಬ್ ಸುಟ್ಟಿದೆ ಎಂದೇ ಅದರ ಫ್ಲಾಷರ್ ತಿಳಿದುಕೊಂಡಿದೆ.

ವ್ಯಾನಿನ ಸ್ವಂತ ಎಚ್ಚರಿಕೆಯ ದೀಪಗಳ ಬಗ್ಗೆ ಎರಡು ಅನುಭವ ಹೇಳಿಬಿಡುತ್ತೇನೆ, ಟ್ರೇಲರ್ ಎಳೆಯುವವರಿಗೆ ಉಪಯೋಗಕ್ಕೆ ಬಂದೀತು. ಕೆಂಪು ಎಂದರೆ ನಿಲ್ಲಿಸು, ಹಳದಿ ಎಂದರೆ ಬೇಗ ತೋರಿಸು, ಹಸಿರು ನೀಲಿ ಬರೀ ಮಾಹಿತಿ, ಇದು ಎಲ್ಲರಿಗೂ ಗೊತ್ತು. ಕೀಲಿ ತಿರುಗಿಸಿ ಎಂಜಿನ್ ಚಾಲೂ ಮಾಡುವ ಮೊದಲು ಯಾವ ದೀಪ ಹೊತ್ತಲಿಲ್ಲ ಎಂದು ನೋಡುವುದು ಬಹಳ ಮಂದಿಗೆ ಗೊತ್ತಿಲ್ಲ. ಆ ಕ್ಷಣದಲ್ಲಿ ಬ್ಯಾಟರಿ, ಆಯಿಲ್ ದೀಪಗಳು ಉರಿಯಲೇಬೇಕು. ನನ್ನ ವ್ಯಾನಿನಲ್ಲಿ ಬ್ಯಾಟರಿ ದೀಪ ಉರಿಯುತ್ತಿರಲಿಲ್ಲ. ದೀಪವಿಲ್ಲ, ಹಾಗಾದರೆ ತೊಂದರೆಯಿಲ್ಲ ಎಂದುಕೊಂಡು ಒಂದು ವರ್ಷ ಕಳೆದೆ. ಸುಟ್ಟದ್ದು ಆ ದೀಪದ ಬಲ್ಬೇ. ಬ್ಯಾಟರಿ ಚಾರ್ಜ್ ಮಾಡುವ ಇಂಥ ಹಳೆಯ ಆಲ್ಟರ್ನೇಟರುಗಳಿಗೆ ಮೊದಲ ಚಾಲನೆಯ ಕರೆಂಟ್ ಸಿಗುವುದು ಆ ಬಲ್ಬಿನ ಮೂಲಕವೇ. ಎಂಜಿನ್ ಜೋರಾಗಿ ರೇಸ್ ಮಾಡುವವರೆಗೆ ಚಾರ್ಜ್ ಆಗುತ್ತಿರಲಿಲ್ಲ. ಬಲ್ಬ್ ಬದಲಿಸಿದ ಮೇಲೆ ಬ್ಯಾಟರಿಯಲ್ಲಿ 14 ವೋಲ್ಟ್ ಕಂಡಿತು. ಅಲ್ಲಿಯವರೆಗೆ ಬ್ಯಾಟರಿ ಅಂಗಡಿಯವನನ್ನು ಬೈದದ್ದಕ್ಕೆ ಈಗ ಕ್ಷಮೆ ಕೇಳಲು ಸಂಕೋಚ.

ಎರಡನೆಯದು ಘಾಟಿನ ತಿರುವುಗಳಲ್ಲಿ ಮಾತ್ರ ಮಿಣುಕುತ್ತಿದ್ದ ಕೆಂಪು ಬ್ರೇಕ್ ದೀಪ. ನೇರ ರಸ್ತೆಗೆ ಬಂದರೆ ಮಾಯ. ವೈರ್ ಸಡಿಲವಾಗಿದೆ ಎಂದು ಎರಡು ವಾರ ತಳ್ಳಿದೆ. ಬ್ರೇಕ್ ಪ್ಯಾಡ್ ಸವೆದಷ್ಟೂ ಡಬ್ಬಿಯೊಳಗಿನ ಬ್ರೇಕ್ ಎಣ್ಣೆಯ ಮಟ್ಟ ಇಳಿಯುತ್ತದೆ. ತಿರುವಿನಲ್ಲಿ ಎಣ್ಣೆ ಒಂದು ಕಡೆ ವಾಲಿದಾಗ ತೇಲುಗುಂಡು ಕೆಳಗಿಳಿದು ದೀಪ ಹೊತ್ತುತ್ತದೆ. ಬಿಚ್ಚಿ ನೋಡಿದರೆ ಪ್ಯಾಡ್ ಬಿಸ್ಕತ್ತಿನಷ್ಟು ತೆಳ್ಳಗಾಗಿತ್ತು. ಬರೀ ಎಣ್ಣೆ ತುಂಬಿ ದೀಪ ಆರಿಸಿಬಿಡುವ ಮೆಕ್ಯಾನಿಕ್‌ಗಳಿದ್ದಾರೆ, ಜಾಗ್ರತೆ.

ಮಳೆ ಬಂದ ಕೂಡಲೇ ಹಜಾರ್ಡ್ ಹಾಕಿಕೊಂಡು ಓಡಿಸುವವರಿಗೂ ಒಂದು ಮಾತು. ನಾಲ್ಕೂ ದೀಪ ಮಿನುಗುವಾಗ ನೀವು ಎಡಕ್ಕೆ ಹೋಗುತ್ತೀರೋ ಬಲಕ್ಕೋ ತೋರಿಸಲು ಏನೂ ಉಳಿದಿರುವುದಿಲ್ಲ. ಹಿಂದೆ ಟ್ರೇಲರ್ ಇದ್ದರಂತೂ ನೀವು ತಿರುಗುವ ಉದ್ದವೇ ಬೇರೆ.

ಹೊರಡುವ ಮುಂಚಿನ ಪರೀಕ್ಷೆಗೆ ಈಗ ಹುಡುಗ ಬೇಕಾಗಿಲ್ಲ. ಶಾಮಿಯಾನದ ಒಂದು ಮೋಟು ಬಿದಿರನ್ನು ಸೀಟಿಗೂ ಬ್ರೇಕ್ ಪೆಡಲಿಗೂ ನಡುವೆ ಕೊಟ್ಟು ಹಿಂದೆ ಹೋಗಿ ನೋಡುತ್ತೇನೆ. ಹಿಂದೀಪ ಉರಿಯುತ್ತಿರುವಾಗಲೇ ಬ್ರೇಕ್, ಅದರ ಜೊತೆಗೇ ಇಂಡಿಕೇಟರ್, ಹೀಗೆ ಒಟ್ಟೊಟ್ಟಿಗೆ ನೋಡಬೇಕು. ಒಂದೊಂದನ್ನೇ ನೋಡಿದರೆ ಅರ್ಥಿಂಗ್ ದೋಷ ತಪ್ಪಿಸಿಕೊಳ್ಳುತ್ತದೆ.

ಅಂಕ ಕೊಡಲೇಬೇಕೆಂದರೆ ಐದಕ್ಕೆ ಮೂರೂವರೆ. ಕೇಬಲ್ಲಿಗೆ ಪೂರ್ತಿ ಅಂಕ. ಎಷ್ಟೋ ಹಂಪುಗಳಿಗೆ ಉಜ್ಜಿಸಿಕೊಂಡರೂ ರಬ್ಬರ್ ಬಿರಿದಿಲ್ಲ. ಸಾಕೆಟ್ಟಿನ ಮುಚ್ಚಳದ ಸ್ಪ್ರಿಂಗ್ ಮೂರನೆಯ ಮಳೆಗಾಲಕ್ಕೆ ತುಕ್ಕು ಹಿಡಿದು ಮುರಿಯಿತು, ಅಂದಿನಿಂದ ಸೈಕಲ್ ಟ್ಯೂಬಿನ ತುಂಡೇ ಮುಚ್ಚಳಕ್ಕೆ ಕಾವಲು. ಕಡಲ ಬದಿಯವರು ಲೋಹದ ಸಾಕೆಟ್ ಬಿಟ್ಟು ಪ್ಲಾಸ್ಟಿಕ್ಕಿನದನ್ನೇ ಕೇಳಿ ಪಡೆಯಿರಿ. ಕಿಟ್ ಜೊತೆಗೇ ಬಝರ್ ರಿಲೇ ಕೊಂಡುಬಿಡಿ.

ಎರಡನೆಯ ಪಿನ್ ಇನ್ನೂ ಖಾಲಿ ಇದೆ. ಅದರಲ್ಲಿ ಇನ್ನೊಂದು ಅರ್ಥಿಂಗ್ ಎಳೆದುಬಿಡೋಣ, ಒಂದು ಹೋದರೆ ಇನ್ನೊಂದು ಇರುತ್ತದೆ ಎಂಬುದು ಕಾಕಾ ವಾದ. ಚವತಿಯ ಅವಸರದಲ್ಲಿ ನನ್ನ ಟ್ರೇಲರನ್ನು ಚಿಕ್ಕಪ್ಪನ ಮಗ ತನ್ನ ವ್ಯಾನಿಗೆ ಸಿಕ್ಕಿಸಿಕೊಂಡು ಹೋಗುತ್ತಾನೆ, ಅವನ ವ್ಯಾನಿನಲ್ಲಿ ಆ ಪಿನ್ನಿಗೆ ಫಾಗ್ ಲೈಟಿನ ಕರೆಂಟ್ ಬರುತ್ತದೆ, ಅವನು ಸ್ವಿಚ್ ಒತ್ತಿದ ಮರುಕ್ಷಣ ಫ್ಯೂಸ್ ಸುಡುತ್ತದೆ ಎಂಬುದು ನನ್ನ ಆಕ್ಷೇಪ. “ಹಾಗಾದರೆ ಅವನಿಗೆ ಕೊಡಬೇಡ” ಎನ್ನುತ್ತಾರೆ ಕಾಕಾ.